ಯಂತ್ರದ ಕೈಗೆ ಫೋನ್ ಕೊಟ್ಟ ಮೇಲೆ

ನಮ್ಮ ಕಚೇರಿಯಲ್ಲಿ ಇರುವವರು ಇಬ್ಬರೇ, ಆದರೆ ಫಜೀತಿಗಳು ಇಪ್ಪತ್ತು ಜನರಿಗೆ ಸಾಕಾಗುವಷ್ಟು. ಪುಣೆಯ ಕೊಂಢವಾದಲ್ಲಿ ಒಂದು ಕೋಣೆ; ಅದರಲ್ಲಿ ಬೆಳಗಾವಿ ಕಡೆಯ ನಮ್ಮ ಸಾಹೇಬರು ಮತ್ತು ಧಾರವಾಡದ ನಾನು. ಎಐ ಸಹಾಯಕಿ ತಾನೇ ಫೋನ್ ಮಾಡಿ ಜನರ ಹತ್ತಿರ ಮಾತಾಡುವಂಥ ಒಂದು ಸರ್ವರ್ ಕಟ್ಟುತ್ತಿದ್ದೆವು. ಭೋಸರಿಯ ಕಾರ್ಖಾನೆ ಮಾಲೀಕರೊಬ್ಬರು ಶನಿವಾರ ನೋಡಲು ಬರುವವರಿದ್ದರು. ಅವರೂ ನಮ್ಮ ಕಡೆಯವರೇ. ಅವರು ಒಲ್ಲೆ ಅಂದರೆ ಕಚೇರಿಗೆ ಬೀಗ ಹಾಕಿ, ಸಾಹೇಬರು ಅಣ್ಣನ ಕಿರಾಣಿ ಅಂಗಡಿಯಲ್ಲಿ ಹೋಗಿ ಕೂರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನಗಂತೂ ಅಷ್ಟು ಅಂಗಡಿಯೂ ಇರಲಿಲ್ಲ.

೧. ಮೊದಲ ಕರೆ

ಸೋಮವಾರ ಸರ್ವರ್ ಸಿದ್ಧವಾಯಿತು. ಮೊದಲ ಕರೆ ಸಾಹೇಬರಿಗೇ ಹೋಗಲಿ, ಖುಷಿಪಡಲಿ ಎಂದು ಅವರ ನಂಬರು ಹಾಕಿದೆ. ಅವರು ಬ್ಯಾಂಕಿಗೆ ಹೋಗಿದ್ದರು. ಕರೆ ಹೋಗುತ್ತಿತ್ತು, ಕಟ್ಟಾಗುತ್ತಿತ್ತು. ಆಮೇಲೆ ಹೋಗುವುದೇ ನಿಂತಿತು. ನಾನು ಊಟ ಬಿಟ್ಟು ಸರ್ವರನ್ನು ಕಳಚಿ ಮತ್ತೆ ಮೊದಲಿನಿಂದ ಕಟ್ಟಿದೆ. ಸಂಜೆ ಸಾಹೇಬರು ಬಂದು, ಬೆಳಗಿನಿಂದ ಯಾವುದೋ ಹೊಸ ನಂಬರಿನವರು ತಲೆ ತಿಂದರು, ಸಾಲ ಬೇಕೇನು ಎಂದು ಕೇಳುವವರೇ ಇರಬೇಕು, ಬ್ಲಾಕ್ ಮಾಡಿ ಒಗೆದೆ ಎಂದು ಹೆಮ್ಮೆಯಿಂದ ಹೇಳಿದರು.

೨. ಇಡ್ಲ್ಯಾ?

ಎದುರಿನವರು ಫೋನ್ ಇಡುವ ಮೊದಲು ನಾವು ಇಡಬಾರದು, ಅದು ಅಗೌರವ ಎಂಬುದು ಸಾಹೇಬರ ಕಟ್ಟಪ್ಪಣೆ. ಅದನ್ನೇ ಸಹಾಯಕಿಗೂ ಕಲಿಸಿದೆ. ಮೊದಲೇ ಎಲ್ಲ ತಿಳಿಸಿ, ಬೆಳಗಾವಿಯಲ್ಲಿರುವ ನನ್ನ ಮೌಶಿಗೆ, ಎಂದರೆ ಅವ್ವನ ತಂಗಿಗೆ, ಕರೆ ಹಚ್ಚಿಸಿದೆ. ಮಾತು ಬೇಗ ಮುಗಿಯಿತು. ಕರೆ ಮುಗಿಯಲಿಲ್ಲ. "ಹಂಗಾರ ಇಡ್ಲ್ಯಾ?" ಎಂದು ಮೌಶಿ, "ಇಡ್ರಿ" ಎಂದು ಸಹಾಯಕಿ. "ನೀ ಇಡು ಮೊದ್ಲ" ಎಂದು ಮೌಶಿ, "ನೀವು ಇಡ್ರಿ" ಎಂದು ಸಹಾಯಕಿ. ನಾನು ಕೆಳಗೆ ಹೋಗಿ ಚಹಾ ಕುಡಿದು ಬಂದರೂ ಅದೇ ನಡೆದಿತ್ತು. ಕೊನೆಗೆ ಮೌಶಿಯ ಫೋನಿನ ಚಾರ್ಜ್ ಮುಗಿದು ಇಬ್ಬರ ಮರ್ಯಾದೆಯೂ ಉಳಿಯಿತು.

ಅದು ಯಂತ್ರ ಅಂತ ಹೇಳಿದ್ದೆನಲ್ಲ, ಇಟ್ಟುಬಿಡಬಾರದಿತ್ತೇ ಎಂದು ಆಮೇಲೆ ಕೇಳಿದೆ.

"ಅದಽ ಇಡ್ಲಿಲ್ಲ, ನಾ ಹೆಂಗ ಇಡ್ಲಿ? ಬೆಳಗಾವಿ ಮಂದೀಗೆ ಮಷೀನಿನಷ್ಟೂ ರೀತಿ ಇಲ್ಲ ಅನ್ನಿಸ್ಕೋಬೇಕೇನು?" ಎಂದರು ಮೌಶಿ.

೩. ಶನಿವಾರದ ಪರೀಕ್ಷೆ

ಮಾಲೀಕರು ಬಂದರು. ಸರ್ವರ್ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಮನೆಗೆ ಫೋನ್ ಮಾಡಿಸಿ, ನಮ್ಮಿಬ್ಬರನ್ನೂ ಊಟಕ್ಕೆ ಕರೆತರುತ್ತಾರೆಂದು ತಮ್ಮ ಹೆಂಡತಿಗೆ ಹೇಳಿಸಿ ಎಂದರು. ಆಗಲೇ ಹನ್ನೆರಡು ದಾಟಿತ್ತು. "ಅಕಿ ಬೈಲಾರದ ಒಪ್ಪಿದ್ಲಂದ್ರ ನಾ ಇದನ್ನ ತಗೋತೀನಿ. ಇಷ್ಟು ದಿವಸ ನನ್ನ ಕಡಿಂದ ಅದು ಆಗಿಲ್ಲ." ಸಾಹೇಬರು ನನ್ನ ಮುಖ ನೋಡಿದರು. ಅವರ ಕಣ್ಣ ಮುಂದೆ ಕಿರಾಣಿ ಅಂಗಡಿ ಬಂದಿತ್ತೆಂದು ಕಾಣುತ್ತದೆ, ನನಗೆ ಪಾಪ ಅನ್ನಿಸಿತು.

ಕರೆ ಹೋಯಿತು. ಸಹಾಯಕಿ ತಾನು ಯಂತ್ರ ಎಂದು ಮೊದಲಿಗೇ ಹೇಳಿದಳು. ಅದೇ ಹೊತ್ತಿಗೆ ಆ ಕಡೆ ಕುಕ್ಕರು ಸೀಟಿ ಹೊಡೆಯಿತು. ವಿಷಯ ಕೇಳಿದ ಆ ತಾಯಿ, ಯಾರು ಫೋನ್ ಮಾಡಿದರೂ ವಿಚಾರಿಸುವ ಹಾಗೆ ಇವಳನ್ನೂ, "ನಿಂದು ಊಟ ಆತೇನವಾ?" ಎಂದರು. ತಾನು ಊಟ ಮಾಡುವುದಿಲ್ಲ ಎಂದಳು ಸಹಾಯಕಿ. "ಹೌದೇನು. ಬರ್ರಿ ಎಲ್ಲಾರೂ" ಎಂದು ಫೋನ್ ಇಟ್ಟರು. ಇದು ಒಪ್ಪಿಗೆಯೋ ಏನೋ, ಮನೆಗೆ ಹೋದ ಮೇಲೆಯೇ ಗೊತ್ತಾಗುವುದು ಎಂದರು ಮಾಲೀಕರು.

ಹೆದರುತ್ತಲೇ ಹೋದೆವು. ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದ ಮೇಲೆ ಆ ತಾಯಿ ಒಳಗಿನಿಂದ ಇನ್ನೊಂದು ತಾಟು ತಂದು ಬಾಗಿಲ ಕಡೆ ನೋಡಿದರು. ಅದರ ತುಂಬ ಸಾಬೂದಾಣಿ ಖಿಚಡಿ. ಫೋನ್ ಮಾಡಿದ ಹುಡುಗಿ ಎಲ್ಲಿ, ಶನಿವಾರದ ಉಪವಾಸ ಹಿಡಿದಿರಬೇಕೆಂದು ಅವಳಿಗಾಗಿ ಬೇರೆ ಮಾಡಿದ್ದೇನೆ ಎಂದರು.

ಅದು ಹುಡುಗಿಯಲ್ಲ, ಯಂತ್ರ ಎಂದು ಮಾಲೀಕರು ಬಿಡಿಸಿ ಹೇಳಿದರು. ಆ ತಾಯಿ ತಾಟು ಹಿಡಿದೇ ನಿಂತರು. ಸಾಹೇಬರ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಮದುವಿ ಆದಾಗಿಂದ ಮಂದೀನ್ನ ಕರ್ಕೊಂಡು ಬರೂದಕ್ಕಿಂತ ಮೊದ್ಲ ನನಗ ತಿಳಿಸಿದ್ದು ಇದೇ ಮೊದ್ಲ" ಎಂದರು ಆ ತಾಯಿ. "ಕಾರ್ಖಾನಿಗೆ ಆಮ್ಯಾಲ ಹಚ್ರಿ. ಅಕಿ ಮೊದ್ಲ ನಮ್ಮ ಮನ್ಯಾಗ ಇರ್ಲಿ."

ಮಾಲೀಕರು ತಲೆ ಎತ್ತದೆ ರೊಟ್ಟಿ ಮುರಿಯುತ್ತ, "ಎರಡು ಹಾಕ್ರಿ, ಮನಿಗೊಂದು, ಕಾರ್ಖಾನಿಗೊಂದು" ಎಂದರು.