ಮೇಷ್ಟರ ಗಡ್ಡ ಹಿಡಿದ ನನ್ನ ಎಡಗೈಯವರಿಗೆ

ಮಾನ್ಯ ಎಡಗೈಯವರೇ,

ಬಲಗೈಯ ಆದರಪೂರ್ವಕ ನಮಸ್ಕಾರಗಳು. ನಮಸ್ಕಾರಕ್ಕೆ ಎರಡು ಕೈ ಸೇರಬೇಕೆಂಬುದು ನನಗೂ ಗೊತ್ತು. ಆದರೆ ತಾವು ಎದೆಗೆ ಅವುಚಿಕೊಂಡು ಮುಷ್ಟಿ ಬಿಗಿದು ಕೂತಿರುವುದರಿಂದ ಸದ್ಯಕ್ಕೆ ಒಂದೇ ಕೈಯಿಂದ ಸಲ್ಲಿಸುತ್ತಿದ್ದೇನೆ, ಅರ್ಧವೆಂದು ಬೇಸರಿಸದೆ ಸ್ವೀಕರಿಸಬೇಕು. ಮೊಣಕೈ, ಮಣಿಕಟ್ಟು ಮತ್ತು ಐದೂ ಬೆರಳುಗಳ ಸಮೇತ ತಾವು ಕ್ಷೇಮವೆಂದು ನಂಬಿದ್ದೇನೆ. ನಾನಂತೂ ತಮ್ಮ ಕೃಪೆಯಿಂದ ಅಂಗಿಯ ತೋಳಿನಲ್ಲಿ ಸಿಕ್ಕಿಕೊಂಡು, ಮನೆಯವಳ ಬೈಗುಳದ ನೆರವಿನಿಂದ ಈಗಷ್ಟೇ ಹೊರಬಂದಿದ್ದೇನೆ. ಖಾಸಗಿಯಾಗಿ ಬೇಡಿಕೊಂಡದ್ದು ಯಾವುದೂ ತಮ್ಮ ಕಿವಿಗೆ ಬೀಳದ ಕಾರಣ ಇದನ್ನು ಬಹಿರಂಗವಾಗಿ ಬರೆದು, ನಮ್ಮ ಸಲೂನಿನ ಕನ್ನಡಿಯ ಪಕ್ಕ ಅಂಟಿಸಲಿದ್ದೇನೆ.

ಆ ಸಲೂನಿನ ಮೊದಲ ಕುರ್ಚಿಯ ಹಿಂದೆ ನಾವಿಬ್ಬರೂ ಎಷ್ಟು ವರ್ಷ ಜೊತೆಯಾಗಿ ನಿಂತೆವು! ಹೆಸರೆಲ್ಲ ಕತ್ತಿ ಹಿಡಿದ ಬಲಗೈಗೆ ಬಂತು. ಆದರೆ ಕೆನ್ನೆಯ ಚರ್ಮವನ್ನು ಹದವಾಗಿ ಎಳೆದು ಹಿಡಿದು, ಕಿವಿ ಮಡಚಿ, ಮಾತಿನ ಭರದಲ್ಲಿ ಅತ್ತಿತ್ತ ಹೊರಳುವ ತಲೆಗಳನ್ನು ಮೆಲ್ಲಗೆ ಕನ್ನಡಿಯತ್ತ ತಿರುಗಿಸುತ್ತಿದ್ದವರು ತಾವು. ತಾವಿಲ್ಲದ ಕತ್ತಿ ಯಾರ ಕೆನ್ನೆಗೂ ಕ್ಷೇಮವಲ್ಲ. ಲಕ್ವ ಹೊಡೆದ ಮೇಲೆ ಕಾಲು ಹೇಗೋ ದಾರಿಗೆ ಬಂತು, ನಾಲಿಗೆಯಂತೂ ಮೊದಲಿಗಿಂತ ಉದ್ದವಾಗಿದೆಯೆಂದು ಮನೆಯವಳ ದೂರು; ತಾವೊಬ್ಬರು ಮಾತ್ರ ಮುನಿಸು ಬಿಟ್ಟಿಲ್ಲ. 'ಕೈಕೊಟ್ಟರು' ಎಂಬ ತಮಾಷೆಯನ್ನು ನಾನು ಮಾಡುವುದಿಲ್ಲ. ನೋಡಲು ಬಂದ ಬಂಧುಗಳೆಲ್ಲ ಒಬ್ಬರಾದ ಮೇಲೊಬ್ಬರು ಅದನ್ನು ಮಾಡಿ, ಕಾಫಿ ಕುಡಿದು ಹೋಗಿದ್ದಾರೆ.

ಫಿಸಿಯೋಥೆರಪಿಯ ಮೇಡಂ ಹೇಳುವ ಪ್ರಕಾರ ತಪ್ಪು ತಮ್ಮದಲ್ಲವಂತೆ. ಮೆದುಳಿನಿಂದ ಬರಬೇಕಾದ 'ಸಾಕು, ಸಡಿಲಿಸು' ಎಂಬ ಆಜ್ಞೆ ದಾರಿಯಲ್ಲೇ ಕಳೆದುಹೋಗಿ, ಸ್ನಾಯುಗಳು ತಮ್ಮ ಪಾಡಿಗೆ ಬಿಗಿದುಕೊಳ್ಳುತ್ತವಂತೆ. "ಎಳೀಬೇಡಿ, ಎಳೆದಷ್ಟೂ ಹಟ ಮಾಡತ್ತೆ. ಮಣಿಕಟ್ಟನ್ನ ಮೆಲ್ಲಗೆ ಒಳಗಡೆ ಬಗ್ಗಿಸಿ, ಬೆರಳು ತಾವಾಗೇ ಬಿಡ್ತವೆ" ಎಂದು ಅವರು ಮನೆಯವಳಿಗೆ ಕಲಿಸಿದ್ದಾರೆ. ಮೇಲಿನವರ ಆದೇಶ ಬಾರದೆ ಒಂದಿಂಚೂ ಅಲುಗಾಡದ ಇಂಥ ಕರ್ತವ್ಯನಿಷ್ಠೆಯನ್ನು ನಾನು ಸರ್ಕಾರಿ ಕಚೇರಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ತಮ್ಮನ್ನು ಯಾವುದಾದರೂ ಕಚೇರಿಯ ಮೇಲಧಿಕಾರಿಯಾಗಿ ನೇಮಿಸಬೇಕೆಂದು ನನ್ನ ಮನಃಪೂರ್ವಕ ಶಿಫಾರಸು.

ಹಾಗೆಂದು ತಾವು ಸೋಮಾರಿಯೂ ಅಲ್ಲ. ನಾನು ಆಕಳಿಸಿದರೆ ಸಾಕು, ಯಾರೂ ಕರೆಯದೆ ತಾವಾಗಿಯೇ ಎದ್ದು ನಿಲ್ಲುತ್ತೀರಿ. ಬೀದಿಯ ನಿವಾಸಿಗಳ ಸಭೆಯಲ್ಲಿ ಅಧ್ಯಕ್ಷರು "ಮೋರಿಯ ಉಸ್ತುವಾರಿ ಯಾರು ವಹಿಸ್ಕೋತೀರಿ?" ಎಂದು ಕೇಳಿದಾಗ ಎಲ್ಲರೂ ನೆಲ ನೋಡುತ್ತಿದ್ದರು, ಅವರ ಭಾಷಣದ ಪ್ರಭಾವದಿಂದ ನಾನು ಬಾಯ್ತುಂಬ ಆಕಳಿಸಿದೆ, ತಾವು ಮುಷ್ಟಿ ಬಿಗಿದು, ಘೋಷಣೆ ಕೂಗುವವರಂತೆ ಎದ್ದಿರಿ. "ನೋಡ್ರಪ್ಪಾ, ಹುಷಾರಿಲ್ದಿದ್ರೂ ಎಂಥ ಹುಮ್ಮಸ್ಸು!" ಎಂದು ಚಪ್ಪಾಳೆ ಬಿತ್ತು. ಮೋರಿ ಈಗ ನನ್ನದು. ದಯವಿಟ್ಟು ಇನ್ನು ಮುಂದೆ ಏಳುವ ಮೊದಲು ನನ್ನ ಅಭಿಪ್ರಾಯವನ್ನೊಮ್ಮೆ ಕೇಳುವಂತಾಗಲಿ. ಚಳಿ, ಸೀನು, ಸಿಟ್ಟು, ನಗು ಬಂದಾಗಲೆಲ್ಲ ಬಿಗಿಯುವ ಪದ್ಧತಿಯನ್ನು ವಾರದ ಒಂದು ದಿನಕ್ಕೆ, ಅದೂ ಸಲೂನಿಗೆ ರಜೆಯಿರುವ ಮಂಗಳವಾರಕ್ಕೆ, ಸೀಮಿತಗೊಳಿಸುವಂತಾಗಲಿ.

ಇನ್ನು ಅಸಲು ವಿಷಯ. ಮೊದಲ ಕುರ್ಚಿಗೆ ಹೊಸಬನೊಬ್ಬನನ್ನು ತರುವ ಯೋಚನೆ ಈಗ ಅಂಗಡಿ ನೋಡಿಕೊಳ್ಳುತ್ತಿರುವ ನನ್ನ ತಮ್ಮನಿಗಿದೆ. ಪಾಪ, ನನ್ನೆದುರು ಬಾಯಿ ಬಿಡುವುದಿಲ್ಲ. ಆ ಕುರ್ಚಿ ಒರೆಸುವಾಗ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾನೆ, ಅದರಿಂದಲೇ ತಿಳಿಯಿತು. ಆ ಜಾಗ ಹೋದರೆ ನಾನು ಬರೀ ಮೋರಿಯ ಉಸ್ತುವಾರಿ. ನನಗೆ ಭಯವಾಗಿದೆ.

ಹೊಸಬನನ್ನು ತಡೆದಿರುವುದು ನಿವೃತ್ತ ಮೇಷ್ಟರ ಗಡ್ಡ ಒಂದೇ. ನಾನು ಮರಳಿ ಬರುವವರೆಗೆ ಬೇರೆಯವರ ಕತ್ತಿಗೆ ಕೆನ್ನೆ ಕೊಡುವುದಿಲ್ಲವೆಂದು ಅವರು ಕೂತುಬಿಟ್ಟರು. ಗಡ್ಡ ಎದೆಗಿಳಿಯಿತು, ಮೊಮ್ಮಗಳು ಹತ್ತಿರ ಸೇರಿಸುತ್ತಿಲ್ಲವೆಂದು ಅವರ ಮನೆಯವರು ನನ್ನನ್ನು ಶಪಿಸಿದರು. ಕೊನೆಗೆ ಇವತ್ತು ಬೆಳಿಗ್ಗೆ ಮೇಷ್ಟರು ಬಂದವರೇ ಕುರ್ಚಿಯಲ್ಲಿ ಕೂತು, "ಏನಾಗತ್ತೋ ಆಗ್ಲಿ, ಶುರು ಮಾಡಯ್ಯ" ಎಂದರು. ನಾನು ಬಿಳಿ ಬಟ್ಟೆ ಹೊದಿಸಿ, ತಮ್ಮನ್ನು ಬಲಗೈಯಿಂದ ಎತ್ತಿ ಅವರ ಕೆನ್ನೆಯ ಬಳಿ ತಂದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಅದು ತಮಗೂ ತಿಳಿಯಿತೇನೋ, ತಾವು ಗಬಕ್ಕನೆ ಗಡ್ಡ ಹಿಡಿದಿರಿ.

ಶಾಲೆಯಲ್ಲಿ ಲೆಕ್ಕ ತಪ್ಪಿದಾಗ ಇದೇ ಅಂಗೈಗೆ ಅವರು ಕೊಟ್ಟ ಬೆತ್ತದ ಏಟನ್ನು ಇಷ್ಟು ಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದೀರೆಂದು ನನಗೆ ತಿಳಿದಿರಲಿಲ್ಲ. ನನ್ನ ತಮ್ಮ "ಬಿಡಣ್ಣ, ಬಿಡಣ್ಣ" ಎಂದು ಕೂಗಿದ, ಕಾಯುತ್ತಿದ್ದ ಗಿರಾಕಿಗಳು ಎದ್ದು ಬಂದು ಎಳೆದರು, ಎಳೆದಷ್ಟೂ ತಾವು ಬಿಗಿದಿರಿ, ನಾನು ನಕ್ಕೆ, ಇನ್ನಷ್ಟು ಬಿಗಿದಿರಿ, ಮೇಷ್ಟರು ನನ್ನ ಹೊಟ್ಟೆಗೆ ಮೂಗು ಒತ್ತಿಕೊಂಡು "ಸೇಡು ತೀರ್ತೇನೋ?" ಎಂದು ಗೊಣಗಿದರು. ಅಷ್ಟರಲ್ಲಿ ಊಟದ ಡಬ್ಬಿ ತಂದ ಮನೆಯವಳು "ಎಲ್ರೂ ಸುಮ್ನಿರಿ!" ಎಂದು ಗದರಿಸಿ, ಡಬ್ಬಿ ಕೆಳಗಿಟ್ಟು, ಮಣಿಕಟ್ಟನ್ನು ಮೆಲ್ಲಗೆ ಒಳಗಡೆ ಬಗ್ಗಿಸಿದಳು. ತಾವು ಸಡಿಲಿಸಿದಿರಿ. ಅಷ್ಟೇ ಅಲ್ಲ, ಬೆರಳೊಂದೊಂದೂ ಬಿಚ್ಚಿ, ಮೇಷ್ಟರ ಕೆನ್ನೆಯ ಮೇಲೆ ಅಂಗೈ ಚಪ್ಪಟೆಯಾಗಿ ಕೂತಿತು. ತಾವು ಕದಲುವ ಮೊದಲೇ ನಾನು ಕತ್ತರಿ ಆಡಿಸಿ, ನೊರೆ ಹಚ್ಚಿ, ಕತ್ತಿ ಎಳೆದು ಆ ಕೆನ್ನೆಯನ್ನು ಮುಗಿಸಿದೆ, ಒಂದು ಗೀರೂ ಇಲ್ಲ. ನನಗೆ ಅಳು ಬಂತು. ಅಳುವಿಗೂ ತಾವು ಬಿಗಿಯುತ್ತೀರೆಂದು ಆಗಲೇ ಗೊತ್ತಾದದ್ದು.

ಇನ್ನೊಂದು ಕೆನ್ನೆಯನ್ನು ತಾನು ಮಾಡುತ್ತೇನೆಂದು ನನ್ನ ತಮ್ಮ ಮುಂದೆ ಬಂದ. ಮೇಷ್ಟರು ಬಟ್ಟೆ ಕೊಡವಿ ಎದ್ದರು. "ಅದು ಇವನ ಎಡಗೈಗಿರಲಿ, ನಾಳೆ ಬರ್ತೀನಿ" ಎಂದು, ಒಂದು ಕಡೆ ಹುಡುಗನಂತೆ, ಇನ್ನೊಂದು ಕಡೆ ಸನ್ಯಾಸಿಯಂತೆ, ಇಡೀ ಬೀದಿ ನೋಡುತ್ತಿದ್ದಂತೆ ಕೈಬೀಸಿಕೊಂಡು ನಡೆದರು. ನನ್ನ ತಮ್ಮ ಮೊದಲ ಕುರ್ಚಿ ಒರೆಸಿ, ನನ್ನ ಮುಖ ನೋಡಿದ.

ಆದ್ದರಿಂದ ನಾಳೆ ಬೆಳಿಗ್ಗೆ ಇನ್ನೊಂದೇ ಒಂದು ಕೆನ್ನೆಯ ಮಟ್ಟಿಗೆ ತಾವು ದಯಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ನನಗಾಗಿ ಅಲ್ಲದಿದ್ದರೂ, ಅರ್ಧ ಮುಖ ಹೊತ್ತು ಮನೆಗೆ ಹೋದ ಆ ಮುದುಕರಿಗಾಗಿ.

ಹುಟ್ಟಿದಾಗಿನಿಂದ ತಮ್ಮ ಭುಜಕ್ಕೆ ಅಂಟಿಕೊಂಡಿರುವ,
ತಮ್ಮ ವಿಶ್ವಾಸಿ,
ಮೊದಲ ಕುರ್ಚಿಯವನು

ತಾ.ಕ.: ಬರೆಯುವಾಗ ಕಾಗದ ಜಾರದಂತೆ ಅದರ ಮೇಲೆ ಕೂತು ಸಹಕರಿಸಿದ್ದಕ್ಕೆ ಧನ್ಯವಾದಗಳು. ಈಗ ಬರೆದು ಮುಗಿದಿದೆ. ದಯವಿಟ್ಟು ಕಾಗದ ಬಿಡಿ.