ಮಾವನ ಡೇಗೆ, ಅತ್ತೆಯ ಗರುಡ

ನಮ್ಮ ಸೋದರಮಾವನ ಮುಖವನ್ನು ನೇರವಾಗಿ ನೋಡಿದವರು ಕೆ.ಆರ್. ಪುರದಲ್ಲಿ ಕಡಿಮೆ. ಎಲ್ಲರಿಗೂ ಗೊತ್ತಿದ್ದದ್ದು ಅವರ ಗಲ್ಲದ ಅಡಿಭಾಗ ಮಾತ್ರ! ಮನುಷ್ಯ ಸದಾ ಆಕಾಶ ನೋಡುತ್ತ ನಿಂತರೆ ಇನ್ನೇನು ಕಾಣುತ್ತದೆ ಹೇಳಿ?

ತೊಂಬತ್ತರ ದಶಕದಲ್ಲಿ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಬೈನಾಕ್ಯುಲರ್ ಕೊಂಡದ್ದೇ ಇದಕ್ಕೆಲ್ಲ ಮೂಲ. ಅದರ ಒಂದು ಗಾಜಿಗೆ ಬೂಷ್ಟು ಹಿಡಿದಿತ್ತು. ಹಾಗಾಗಿ ಮಾವ ಅದನ್ನು ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಎದುರುಮನೆಯ ಟೆರೇಸಿನ ಹೆಂಗಸರು ಇದನ್ನು ಬೇರೆಯೇ ರೀತಿ ಅರ್ಥ ಮಾಡಿಕೊಂಡು, ಕೊನೆಗೆ ಅತ್ತೆ ಹೋಗಿ ಸಮಾಧಾನ ಮಾಡಿ ಬರಬೇಕಾಯಿತು.

ಮಾವನ ಜೀವವೆಲ್ಲ ಇದ್ದದ್ದು ಮೀನು ಹಿಡಿಯುವ ಒಂದು ಡೇಗೆಯ ಮೇಲೆ. ದಸರಾ ಕಳೆದ ಮೇಲೆ ಉತ್ತರದ ಯಾವುದೋ ಚಳಿದೇಶದಿಂದ ನಮ್ಮ ಕೆರೆಗೆ ಬಂದು, ಯುಗಾದಿಯ ಹೊತ್ತಿಗೆ ಹೊರಟುಬಿಡುವ ಹಕ್ಕಿ. ಬಿಳಿ ಹೊಟ್ಟೆ, ಕಣ್ಣಿನ ಮೇಲೆ ಕಪ್ಪು ಪಟ್ಟೆ. ಒಮ್ಮೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಅದು ತಲೆಯ ಮೇಲೆ ಹಾದುಹೋಯಿತೆಂದು ಮಾವ ಕತ್ತೆತ್ತಿ ನಿಂತರು. ಪಕ್ಕದವನೂ ಎತ್ತಿದ. ಅವನ ಪಕ್ಕದವನೂ ಎತ್ತಿದ.

"ಏನ್ ಗುರು, ಪ್ಲೇನಾ?"

"ಬೆಂಕಿ ಹತ್ಕೊಂಡಿದೆಯಂತೆ."

ಸ್ಟಾಪಿಗೆ ಸ್ಟಾಪೇ ಮೇಲೆ ನೋಡುತ್ತಿರುವಾಗ ಬಸ್ಸು ಬಂದು, ನಿಂತು, ಖಾಲಿಯಾಗಿಯೇ ಹೋಯಿತು.

ಅತ್ತೆಗೆ ಮಾತ್ರ ಆಕಾಶದಲ್ಲಿ ಇದ್ದದ್ದು ಒಂದೇ ಹಕ್ಕಿ, ಗರುಡ. ಅದರ ದರ್ಶನವಾಗದೆ ಯಾವ ಮುಖ್ಯ ಕೆಲಸಕ್ಕೂ ಹೊರಡುವವರಲ್ಲ. ರೆಕ್ಕೆ ಅಗಲಿಸಿದ್ದಕ್ಕೆಲ್ಲ ಕೈಮುಗಿದು ಕೆನ್ನೆ ತಟ್ಟಿಕೊಳ್ಳುತ್ತಿದ್ದರು. ಮಾವ ಬಿಡಬೇಕಲ್ಲ!

"ಅದು ಹದ್ದು ಕಣೇ. ಮಟನ್ ಅಂಗಡಿಗೆ ಹೊರಟಿದೆ."

"ನನ್ನ ಪುಣ್ಯಕ್ಕೂ ಕಲ್ಲು ಹಾಕ್ತೀರಲ್ರೀ."

ನನ್ನ ತಂಗಿಯ ನಿಶ್ಚಿತಾರ್ಥದ ದಿನ ವ್ಯಾನು ನಿಲ್ಲಿಸಿಕೊಂಡು ಮಾವ ಹೀಗೆ ಒಂದೊಂದೇ ಹಕ್ಕಿಯನ್ನು ತಳ್ಳಿಹಾಕುತ್ತ ಹೋದರು. ನಿಜವಾದ ಗರುಡ ಸಿಗುವಷ್ಟರಲ್ಲಿ ರಾಹುಕಾಲ ಶುರುವಾಗಿತ್ತು.

ಒಂದು ವರ್ಷ ಶಿವರಾತ್ರಿ ಹತ್ತಿರವಿದ್ದಾಗ ಅತ್ತೆಗೆ ಹೃದಯದ ಆಪರೇಷನ್ ಆಗಬೇಕೆಂದರು. ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ಆಸ್ಪತ್ರೆಗೆ ಹೋಗಲು ಕಾರು ಬಂದು ನಿಂತಿದೆ. ಅತ್ತೆ ಬಾಗಿಲ ಮುಂದೆ ಮೇಲೆ ನೋಡುತ್ತ ನಿಂತಿದ್ದಾರೆ. ಕೆರೆಯ ಕಡೆಯಿಂದ ಬಿಳಿ ಹೊಟ್ಟೆಯ ಹಕ್ಕಿಯೊಂದು ಬಂತು. ಅತ್ತೆ ಕೈಮುಗಿಯಲು ಹೋದವರು ತಡೆದು ಮಾವನ ಕಡೆ ತಿರುಗಿದರು.

"ಗರುಡ ಅಲ್ವೇನ್ರೀ?"

ಇವತ್ತೊಂದು ದಿನ ಹೂಂ ಅನ್ನಿ ಎಂದು ನಾವೆಲ್ಲ ಕಣ್ಣಲ್ಲೇ ಬೇಡಿಕೊಂಡೆವು.

"ಅಲ್ಲ ಕಣೇ," ಅಂದರು ಮಾವ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಮಾವ ಮಾತು ಮುಗಿಸಿರಲಿಲ್ಲ.

"ಗರುಡ ಇಲ್ಲೇ ಇರುತ್ತೆ, ಅದಕ್ಕೇನ್ ಗೊತ್ತು? ಇದು ಡೇಗೆ. ಎಷ್ಟು ದೂರ ಹೋದ್ರೂ ವಾಪಸ್ ಬಂದೇ ಬರುತ್ತೆ. ನೀನು ಇವತ್ತು ಇದಕ್ಕೇ ಕೈಮುಗಿ."

ಹಾಗೆಂದು, ಜೀವಮಾನದಲ್ಲಿ ಯಾವ ಹಕ್ಕಿಗೂ ಕೈಮುಗಿಯದ ಮನುಷ್ಯ ಅತ್ತೆಗಿಂತ ಮೊದಲೇ ಕೈ ಜೋಡಿಸಿಬಿಟ್ಟರು.