ನಿಕೋಲಾ ಹಬ್ಬದ ದಿನದ ಠರಾವು

ಸಂತ ನಿಕೋಲಾನ ಹಬ್ಬದ ದಿನವೇ ಮತದಾನ ಇಟ್ಟದ್ದು ಸ್ತಾಮೆನ್ ದ್ರಿಯಾನೊವ್‌ನ ತಪ್ಪು. ಸಂಸತ್ತಿನ ಕಲಾಪಪಟ್ಟಿ ಬರೆಯುವ ಗುಮಾಸ್ತ ಅವನು. ತಾರೀಕು ನೋಡಿದ, ಹಬ್ಬ ನೋಡಲಿಲ್ಲ. ಆ ದಿನ ನಿಕೋಲಾ ಎಂಬ ಹೆಸರಿದ್ದವರ ಮನೆಗೆ ಕರೆಯದೆಯೇ ಹೋಗಿ ಮೀನು ತಿಂದು ಬರಬೇಕು ಎಂಬುದು ಆ ದೇಶದ ಪದ್ಧತಿ. ಸಂಸತ್ತಿನಲ್ಲಿ ಆ ಹೆಸರಿನವರೇ ಒಂಬತ್ತು ಜನ. ಹನ್ನೊಂದು ಗಂಟೆಗೆ ಸಭಾಂಗಣದಲ್ಲಿ ಉಳಿದವರು ಅಧ್ಯಕ್ಷರು ಮತ್ತು ಇಬ್ಬರು ಪಥ್ಯದವರು.

ಠರಾವು ಸಣ್ಣದಲ್ಲ. ವಿಶ್ವ ಮಾನವ ಹಕ್ಕು ಮಂಡಳಿ ಸುಧಾರಣೆಯಾಗಬೇಕು, ಬಂದ ದೂರನ್ನು ಒಂದೇ ವರ್ಷದಲ್ಲಿ ತೀರ್ಮಾನಿಸಬೇಕು ಎಂಬ ಒತ್ತಾಯ. ಸಹಿ ಹಾಕಿದ್ದು ಸದಸ್ಯ ನಿಕೋಲಾ ಗೈದರೊವ್, ಬರೆದದ್ದು ಸ್ತಾಮೆನ್. ಅವನೂ ತಾಯಿ ತ್ಸೋನಾಳೂ ಇದ್ದ ನೆಲಮಹಡಿಯ ಮನೆಯ ಕಿಟಕಿಗೆ ಅಡ್ಡವಾಗಿ ನಗರಸಭೆ ಪ್ರತಿಮೆಗೆಂದು ಆಳೆತ್ತರದ ಕಲ್ಲುಕಟ್ಟೆ ಕಟ್ಟಿತ್ತು. ಯಾರ ಪ್ರತಿಮೆ ಎಂಬ ಜಗಳ ಮುಗಿಯದೆ ಕಟ್ಟೆ ಬೋಳಾಗಿಯೇ ನಿಂತಿತು. ಮುದುಕಿ ಹಗಲಲ್ಲೂ ದೀಪ ಹಾಕಿಕೊಂಡು ಹೆಣೆಯುವುದನ್ನು ನೋಡಿದರೆ ಸ್ತಾಮೆನ್‌ಗೆ ಕರುಳು ಚುರುಕ್ಕೆನ್ನುತ್ತಿತ್ತು. ದೇಶದ ನ್ಯಾಯಾಲಯಗಳೆಲ್ಲ ಕೈಚೆಲ್ಲಿದ ಮೇಲೆ, ಬೆಳಕು ತಡೆದ ಆ ಕಟ್ಟೆಯ ಮೇಲಿನ ತ್ಸೋನಾಳ ದೂರು ಮಂಡಳಿಗೆ ಹೋಗಿ ಎಂಟು ವರ್ಷವಾಗಿತ್ತು. ಒಂದು ಸಾಲಿನ ಉತ್ತರವೂ ಬಂದಿರಲಿಲ್ಲ.

"ನಾಲ್ಕು ಗಂಟೆಗೆ ನೂರು ಜನ ಆಗ್ಲಿಲ್ಲ ಅಂದ್ರೆ ಠರಾವು ಬಿದ್ಹೋಯ್ತು," ಎಂದಳು ಪಕ್ಕದ ಮೇಜಿನ ರಾದೊಸ್ತಿನಾ. "ಮುಂದಿನ ವರ್ಷ ನೋಡ್ಕೊಂಡ್ರಾಯ್ತು ಬಿಡಿ."

"ಅಮ್ಮಂಗೆ ಎಂಬತ್ತೊಂದು ಕಣ್ರೀ."

"ಮತ್ತೆ ಇಲ್ಲೇನು ಕೂತಿದೀರಿ? ಮೀನಿನ ವಾಸನೆ ಹಿಡ್ಕೊಂಡು ಹೊರಡಿ."

ಹೊರಟ. ಮೊದಲ ಮನೆ ಸದಸ್ಯೆ ನಿಕೋಲಿನಾ ವ್ರಾಪ್ಚೆವಾ ಅವರದು.

"ಊಟಕ್ಕೆ ಬಂದಿರೋ ಸದಸ್ಯರನ್ನೆಲ್ಲ ಕಳಿಸ್ತೀನಿ. ಆದ್ರೆ ನೀವು ತಿನ್ನದೆ ಹೊರಟ್ರೆ ನನ್ನ ಹೆಸರಿಗೇ ಅವಮಾನ," ಎಂದು ಆಕೆ ಅಕ್ರೋಟು ತುಂಬಿದ ಮೀನನ್ನು ತಟ್ಟೆ ತುಂಬ ಬಡಿಸಿದರು. ಎರಡನೆಯ ಮನೆಯಲ್ಲೂ ಅದೇ ಮೀನು, ಅದೇ ಮಾತು. ಮೂರನೆಯ ಮನೆ ದಾಟುವಾಗ ಸ್ತಾಮೆನ್ ಬೆಲ್ಟು ಸಡಿಲಿಸಿದ್ದ. ನಾಲ್ಕನೆಯದು ಗೈದರೊವ್ ಮನೆ. ಅಲ್ಲಿ ಉದ್ದ ಮೇಜಿನ ಸುತ್ತ ಐವತ್ತು ಸದಸ್ಯರು ಕೂತಿದ್ದರು.

"ಬರ್ತೀವಪ್ಪಾ, ಠರಾವು ನಂದೇ ಅಲ್ವಾ. ಮೊದ್ಲು ಕೂತ್ಕೋ," ಎಂದರು ಗೈದರೊವ್.

ಆತುರದಲ್ಲಿ ನುಂಗಿದ ತುತ್ತಿನ ಮುಳ್ಳು ಗಂಟಲಿಗೆ ಸಿಕ್ಕಿಕೊಂಡಿತು. ಒಬ್ಬರು ಒಣ ಬ್ರೆಡ್ಡು ತುರುಕಿದರು, ಇನ್ನೊಬ್ಬರು ವೈನು ಹೊಯ್ದರು, ಬೆನ್ನಿಗೆ ಗುದ್ದಲು ಸಂಸತ್ತಿನ ಮೂರೂ ಪಕ್ಷಗಳು ಒಂದಾದವು. ಅದೇ ಹೊತ್ತಿಗೆ ವಿರೋಧ ಪಕ್ಷದ ಕಾಲ್ಚೆವ್ ಕಿವಿಯ ಬಳಿ ಬಗ್ಗಿದರು.

"ಠರಾವಿಗೆ ಒಂದು ಸಾಲು ಸೇರಿಸಿದ್ರೆ ನಮ್ಮೋರೂ ಅಷ್ಟೂ ಜನ ಬರ್ತೀವಿ. ಬರ್ಕೋ."

ಸ್ತಾಮೆನ್‌ಗೆ ಮಾತು ಹೊರಡದು, ಕಣ್ಣೀರಿನಲ್ಲಿ ಅಕ್ಷರ ಕಾಣದು. ಹೇಳಿದ್ದನ್ನು ಹೇಳಿದಂತೆ ಠರಾವಿನ ಕೆಳಗೆ ಬರೆದ. ಮುಳ್ಳು ಇಳಿಯುವಷ್ಟರಲ್ಲಿ ಎಲ್ಲರೂ ಕೋಟು ಹಾಕಿಕೊಂಡು ನಿಂತಿದ್ದರು. ಆ ಸಂತೋಷದಲ್ಲಿ ಬರೆದದ್ದನ್ನು ಅವನು ಓದಲಿಲ್ಲ.

ನಾಲ್ಕಕ್ಕೆ ಠರಾವು ಸರ್ವಾನುಮತದಿಂದ ಪಾಸಾಯಿತು. ತೂಕಡಿಸುತ್ತಿದ್ದವರ ಕೈಯನ್ನು ಅಕ್ಕಪಕ್ಕದವರು ಎತ್ತಿದರು. ಠರಾವು ತಂತಿಯ ವೇಗದಲ್ಲಿ ಮಂಡಳಿಗೆ ಹೋಯಿತು. ಆಶ್ಚರ್ಯವೆಂದರೆ ಐದಕ್ಕೆ ಉತ್ತರವೂ ಬಂತು. ರಾದೊಸ್ತಿನಾ ಓದಿದಳು.

"ಒಂದನೇ ಅಂಶ ಪರಿಶೀಲನೆಯಲ್ಲಿದೆಯಂತೆ. ಎರಡನೇದನ್ನ ಸಂತೋಷದಿಂದ ಒಪ್ಪಿದಾರೆ, ಇವತ್ತಿಂದ್ಲೇ ಜಾರಿ."

"ಎರಡನೇದು ಯಾವ್ದು?"

"ಐದು ವರ್ಷ ಮೀರಿದ ದೂರುಗಳನ್ನ ಆಯಾ ದೇಶದ ಸಂಸತ್ತಿಗೇ ವಾಪಸ್ ಕಳಿಸ್ಬೇಕು ಅಂತ. ಅಕ್ಷರ ನಿಮ್ದೇ ಅಲ್ವಾ?"

ಸ್ತಾಮೆನ್ ಅಮ್ಮನ ದೂರಿನ ಎಂಟು ವರ್ಷವನ್ನು ಬೆರಳು ಮಡಿಸಿ ಎಣಿಸಿದ. ಅಷ್ಟರಲ್ಲಿ ಮೇಲಧಿಕಾರಿ ಪಾಶೊವ್ ನಗುತ್ತಾ ಒಳಗೆ ಬಂದರು.

"ವಾಪಸ್ ಬರೋ ದೂರುಗಳಿಗೆ ಹೊಸ ವಿಭಾಗ ಕಣಯ್ಯ. ಬರೆದೋನೇ ನೋಡ್ಕೊಳ್ಲಿ ಅಂದ್ರು ಅಧ್ಯಕ್ಷರು. ನೀನೇ ಮುಖ್ಯಸ್ಥ, ನೀನೇ ಸಿಬ್ಬಂದಿ."

ಸ್ತಾಮೆನ್‌ನ ಮುಖ ಅರಳಿತು. "ಹಾಗಾದ್ರೆ ಅಮ್ಮನ ದೂರು ನಾಳೆನೇ ತೀರಿಸಿಬಿಡ್ತೀನಿ ಸಾರ್."

"ಸ್ವಂತ ಮನೆಯೋರ ದೂರು ಮುಟ್ಟೋ ಹಾಗಿಲ್ಲಪ್ಪ, ನಿಯಮ ಇದೆ. ಅದನ್ನ ವಿಭಾಗದಲ್ಲಿರೋ ಬೇರೆಯೋರು ನೋಡ್ಬೇಕು."

"ಬೇರೆಯೋರು ಯಾರಿದಾರೆ ಸಾರ್?"

ಪಾಶೊವ್ ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿಯೇ ಯೋಚಿಸಿದರು. "ಯಾರೂ ಇಲ್ಲ," ಎಂದರು.

ಸ್ತಾಮೆನ್ ಮನೆಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ. ತ್ಸೋನಾ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ಇನ್ಮೇಲೆ ನಮ್ಮ ದೂರನ್ನ ಕೊಳೆ ಹಾಕ್ಕೊಂಡು ಕೂತಿರೋನು ನೀನೇನಾ?"

"ಹೂಂ ಅಮ್ಮ."

"ಒಳ್ಳೇದೇ ಆಯ್ತು. ಆ ಪರದೇಶದೋರಿಗೆ ಬೈದ್ರೆ ಕೇಳಿಸ್ತಾನೇ ಇರ್ಲಿಲ್ಲ. ಬೇಗ ಮನೆಗೆ ಬಾ, ಮಗಾ."